ಅಡಿಕೆ ತೋಟದ ಮೋಟರ್ ಬೋರ್ಡ್: ಮೊದಲನೆಯದು ಸುಟ್ಟ ಮೇಲೆ ಎರಡನೆಯದು

ದೊಡ್ಡಪ್ಪ ಬೋರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿಗೇ ದಾವಣಗೆರೆಗೆ ಬಂದಿದ್ದರು. ಕವರ್ ಬಿಚ್ಚುವ ಮೊದಲೇ ಸುಟ್ಟ ವಾಸನೆ. "ತಮ್ಮಾ, ರಾತ್ರಿ ಸ್ಟಾರ್ಟರ್ ಡಬ್ಬಿ ಟಪ್ ಅಂತು. ಬ್ಯಾಟರಿ ಹಾಕಿ ನೋಡಿದ್ರೆ ಹೊಗೆ ಬರ್ತಿತ್ತು" ಎಂದರು.

"ಮೋಟರ್?"

"ಮೋಟರ್ ಚಲೋ ಐತೆ. ಬೋರ್ಡ್ ಬಿಚ್ಚಿ ಮೊದಲಿನ ಹಂಗೇ ಡೈರೆಕ್ಟ್ ಮಾಡೀನಿ."

ಅಷ್ಟು ಕೇಳಿದ ಮೇಲೆ ಉಸಿರು ಬಂತು. ಆದರೂ ಬೋರ್ಡ್ ನೋಡಿ ತುಂಬಾ ಬೇಜಾರಾಯಿತು. ಅದು ನಾನೇ ಡಿಸೈನ್ ಮಾಡಿ, ನಾನೇ ಮನೆಯಲ್ಲಿ ಮಾಡಿದ, ನೀರು ಮುಗಿದರೆ ಅಥವಾ ಮೂರು ಫೇಸಿನಲ್ಲಿ ಒಂದು ಹೋದರೆ ಮೋಟರನ್ನು ತಾನೇ ನಿಲ್ಲಿಸುವ ಬೋರ್ಡ್. ತೋಟದಲ್ಲಿ ಬಾಳಿದ್ದು 23 ದಿನ.

ಕೆಲಸ ಏನು ಅಂತ ಮೊದಲು ಹೇಳುತ್ತೇನೆ. ಚನ್ನಗಿರಿ ತಾಲ್ಲೂಕಿನ ಅವರ ಅಡಿಕೆ ತೋಟದಲ್ಲಿ 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್ ಇದೆ. 380 ಅಡಿಗೆ ಇಳಿಸಿದ್ದಾರೆ. ಬೇಸಿಗೆಯಲ್ಲಿ ಒಂದೂವರೆ ಗಂಟೆ ಓಡಿದರೆ ಬೋರಿನ ನೀರು ಮುಗಿಯುತ್ತದೆ. ಆಮೇಲೆ ಮೋಟರ್ ಸುಮ್ನೆ ತಿರುಗುತ್ತದೆ. ಆ ಮೋಟರನ್ನು ತಂಪಾಗಿಡುವುದೇ ಅದರ ಸುತ್ತ ಹರಿಯುವ ನೀರು. ನೀರಿಲ್ಲದೆ ಓಡಿದರೆ ವೈಂಡಿಂಗ್ ಸುಡುತ್ತದೆ. ಮೂರು ಫೇಸಿನಲ್ಲಿ ಒಂದು ಹೋದರೂ ಸುಡುತ್ತದೆ. ತ್ರೀ ಫೇಸ್ ಬರುವುದು ಜಾಸ್ತಿ ರಾತ್ರಿ ಹೊತ್ತು, ಯಾರು ಕಾಯುತ್ತಾ ಕೂರುತ್ತಾರೆ? ಮೋಟರ್ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ಒಂದು ವಾರ ಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ಒಂದು ವಾರ ನೀರಿಲ್ಲ ಅಂದರೆ ಅಡಿಕೆ ಗಿಡಕ್ಕೆ ಅದು ಸಣ್ಣ ವಿಷಯ ಅಲ್ಲ.

ಇಂಥ ಬೋರ್ಡುಗಳು ಅಂಗಡಿಯಲ್ಲಿ ಸಿಗುತ್ತವೆ. ನಾನು ಮಾಡಲು ಹೊರಟಿದ್ದಕ್ಕೆ ಕಾರಣ ಎರಡು. ಈ ಬೋರಿಗೆ ನೀರು ಮತ್ತೆ ತುಂಬಲು ಸುಮಾರು 40 ನಿಮಿಷ ಬೇಕು; ಆ ಲೆಕ್ಕಕ್ಕೆ ಸರಿಯಾಗಿ ಅದು ತಾನೇ ಮತ್ತೆ ಸ್ಟಾರ್ಟ್ ಆಗಬೇಕಿತ್ತು. ಇನ್ನೊಂದು, ಕೆಟ್ಟರೆ ಬಿಚ್ಚಿ ಸರಿ ಮಾಡುವ ಹಾಗಿರಬೇಕಿತ್ತು. ಮೇ ತಿಂಗಳಲ್ಲಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದ್ದೆ. ನೀರು ಬರುವಾಗ 8.6 ಆಂಪಿಯರ್, ನೀರು ನಿಂತ ಮೇಲೆ 5.3. ಇಷ್ಟು ವ್ಯತ್ಯಾಸ ಇದ್ದರೆ ಕರೆಂಟ್ ಅಳೆದೇ ನೀರು ಇದೆಯೋ ಇಲ್ಲವೋ ಹೇಳಬಹುದು. ವೈರಿನ ಕರೆಂಟ್ ಅಳೆಯುವ ಒಂದು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್), ಫೇಸಿನಲ್ಲಿ ವೋಲ್ಟೇಜ್ ಇದೆಯೇ ಎಂದು ಬೆಳಕಿನ ಮೂಲಕ ಚಿಪ್ಪಿಗೆ ತಿಳಿಸುವ ಮೂರು ಆಪ್ಟೋಕಪ್ಲರ್, ಪ್ರೋಗ್ರಾಮ್ ಓಡಿಸುವ ಮೈಕ್ರೋಕಂಟ್ರೋಲರ್ ಚಿಪ್ ಎಟ್‌ಮೆಗಾ328ಪಿ ಒಂದು, ಅದರ ಮಾತು ಕೇಳುವ ಸ್ವಿಚ್ಚು, ಅಂದರೆ ಒಂದು ರಿಲೇ. ರಿಲೇ, ಸ್ಟಾರ್ಟರನ್ನು ಆನ್ ಆಗಿ ಹಿಡಿದಿಡುವ ನೋ-ವೋಲ್ಟ್ ಕಾಯಿಲಿನ ಲೈನನ್ನು ಕಟ್ ಮಾಡಿ ಮೋಟರ್ ನಿಲ್ಲಿಸುತ್ತದೆ. ಸರ್ಕ್ಯೂಟ್ ಇಷ್ಟೇ. ಟೇಬಲ್ ಮೇಲೆ ಒಂದು ವಾರ ಚೆನ್ನಾಗಿ ಓಡಿತ್ತು.

ಈಗ ಸುಟ್ಟ ಬೋರ್ಡನ್ನು ಲೆನ್ಸ್ ಹಿಡಿದು ನೋಡಿದೆ. ರಿಲೇ ಹತ್ತಿರ ಎರಡು ಟ್ರ್ಯಾಕುಗಳ (ಕರೆಂಟ್ ಹರಿಯುವ ತಾಮ್ರದ ಗೆರೆಗಳ) ನಡುವೆ ಶೀಟೇ ಕಪ್ಪಾಗಿತ್ತು. ಇದ್ದಿಲಿನ ಗೆರೆ ಮರದ ಬೇರಿನ ಹಾಗೆ ಕವಲೊಡೆದು ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗಿತ್ತು. ಫೇಸ್ ನೋಡುವ ಮೂರು ರೆಸಿಸ್ಟರಿನಲ್ಲಿ ಒಂದು ಪೂರ್ತಿ ಓಪನ್. ಇನ್ನೊಂದು 330 ಕಿಲೋ ಓಮ್ ಇರಬೇಕಾದದ್ದು 1.2 ಮೆಗಾ ಓಮ್ ತೋರಿಸಿತು. ಪ್ರೋಗ್ರಾಮಿನಲ್ಲಿ ಇಟ್ಟಿದ್ದ ಎಣಿಕೆ ತೆಗೆದು ನೋಡಿದರೆ ಮೈಕ್ರೋಕಂಟ್ರೋಲರ್ 23 ದಿನದಲ್ಲಿ 61 ಸಲ ರೀಸೆಟ್ ಆಗಿತ್ತು. ಹಾಗಾದರೆ ತಪ್ಪು ಒಂದಲ್ಲ.

ಭಾನುವಾರ ನಿಟ್ಟುವಳ್ಳಿಯಲ್ಲಿರುವ ಸೋದರಮಾವನ ಮನೆಗೆ ಹೋದೆ. ಅವರು ಪೀಣ್ಯದ ಬೋರ್ಡ್ ಕಾರ್ಖಾನೆಯೊಂದರಲ್ಲಿ 26 ವರ್ಷ ಕೆಲಸ ಮಾಡಿ ಈಗ ಊರಿಗೆ ಬಂದಿದ್ದಾರೆ. ನಾನು ಸರ್ಕ್ಯೂಟ್ ಬರೆದ ಹಾಳೆ ಮುಂದಿಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿ ಬೋರ್ಡ್ ತಗೊಂಡು ಕಿಟಕಿ ಹತ್ತಿರ ಹೋದರು. ವರ್ನಿಯರ್ ಕೇಳಿದರು.

"ಈ ಎರಡರ ಮಧ್ಯೆ 1.4 ಮಿಲಿಮೀಟರ್ ಐತೆ. ಎಷ್ಟು ವೋಲ್ಟ್ ಇರುತ್ತೆ ಇಲ್ಲಿ?"

"415, ಮಾವ."

"ಅದು ಮೀಟರ್ ತೋರಿಸೋದು. ತುದಿ ಎಷ್ಟು?"

ಎಸಿ ಏರಿ ಇಳಿಯುವಾಗ ಮುಟ್ಟುವ ತುದಿ ತಿಳಿಯಲು 415ನ್ನು 1.414ರಿಂದ ಗುಣಿಸಿದೆ. 587. ಬೋರ್ಡ್ ಡಿಸೈನಿನ ಮಾನದಂಡವಾದ ಐಪಿಸಿ-2221ರ ಪಟ್ಟಿಯಲ್ಲಿ ಬೋರ್ಡಿನ ಹೊರಮೈಯಲ್ಲಿ, ಕೋಟಿಂಗ್ ಇಲ್ಲದ ತಾಮ್ರಕ್ಕೆ, 500 ವೋಲ್ಟ್‌ವರೆಗೆ 2.5 ಮಿ.ಮೀ. ಅಂತರ ಬೇಕು. ಅದರ ಮೇಲೆ ಪ್ರತಿ ವೋಲ್ಟಿಗೆ 0.005 ಮಿ.ಮೀ. ಸೇರಿಸಬೇಕು. ಲೆಕ್ಕ ಹಾಕಿದರೆ 2.94 ಬರುತ್ತದೆ. ನಾನು ಬಿಟ್ಟಿದ್ದು ಅದರ ಅರ್ಧ. "ಆ ಪಟ್ಟಿ ಸ್ವಚ್ಛ ಜಾಗದ ಲೆಕ್ಕ ಅಳಿಯಾ. ನಿಮ್ಮ ದೊಡ್ಡಪ್ಪನ ಸ್ಟಾರ್ಟರ್ ಡಬ್ಬಿಯಲ್ಲಿ ಏನೇನೈತೆ ಹೇಳು."

ಧೂಳು. ಇರುವೆ. ಮೊಟ್ಟೆ ಇಟ್ಟ ಹಲ್ಲಿ. ಮೃಗಶಿರಾ ಮಳೆ ಶುರುವಾದ ಮೇಲೆ ಬೆಳಗಿನ ಹೊತ್ತು ಡಬ್ಬಿಯ ಒಳಗೋಡೆಯ ಮೇಲೆ ನೀರಿನ ಹನಿ. ಹೇಳುತ್ತಾ ಹೇಳುತ್ತಾ ನನಗೇ ಅರ್ಥವಾಯಿತು. ಧೂಳಿನ ಮೇಲೆ ತೇವ ಕೂತರೆ ಸಣ್ಣಗೆ ಕರೆಂಟ್ ಹರಿಯುತ್ತದೆ. ಆ ಕರೆಂಟಿಗೆ ತೇವ ಒಣಗಿ ಅಲ್ಲಲ್ಲಿ ಕಿಡಿ ಹಾರುತ್ತದೆ. ಕಿಡಿ ಶೀಟನ್ನು ಸುಟ್ಟು ಇದ್ದಿಲು ಮಾಡುತ್ತದೆ. ಇದ್ದಿಲಿನಲ್ಲಿ ಕರೆಂಟ್ ಇನ್ನೂ ಸಲೀಸಾಗಿ ಹರಿಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ಮುಂದಕ್ಕೆ ಹೋಗಿ ಒಂದು ರಾತ್ರಿ ಆ ಕಡೆ ಮುಟ್ಟುತ್ತದೆ. ಅವತ್ತು ಟಪ್ ಅಂದದ್ದು ಅದೇ.

ಶೀಟಿನ ಮೇಲೂ ಅವರಿಗೆ ಸಿಟ್ಟು ಬಂತು. ನಾನು ಬಳಸಿದ್ದು ಕಂದು ಬಣ್ಣದ ಫೀನಾಲಿಕ್ ಶೀಟ್. ಲೇಸರ್ ಪ್ರಿಂಟ್ ತೆಗೆದು, ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ, ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿ ಮಾಡಿದ್ದು. "ಇದು ಕಾಗದ ಮತ್ತು ರಾಳ. ಹಪ್ಪಳದ ಹಾಗೆ ತೇವ ಎಳ್ಕೊಳ್ಳುತ್ತೆ. ರೇಡಿಯೋಗೆ ಸರಿ, ಮೋಟರಿಗೆ ಇಡಬಾರದು." ಹಿಂಬದಿಗೆ ತಿರುಗಿಸಿ ಬೆರಳಿನಿಂದ ಮುಟ್ಟಿ ನೋಡಿದರು. ಜಿಗುಟು. ಬೆಸುಗೆ ಹಾಕಿದ ಮೇಲೆ ಫ್ಲಕ್ಸ್ ತೊಳೆದೇ ಇರಲಿಲ್ಲ ನಾನು. ಧೂಳು ಅಂಟಿದ್ದು ಅಲ್ಲಿಗೇ.

ರೆಸಿಸ್ಟರ್ ಸತ್ತದ್ದಕ್ಕೆ ಕಾರಣ ಹುಡುಕಲು ಡೇಟಾಶೀಟ್ ತೆಗೆದೆವು. ಇಷ್ಟು ವರ್ಷದಿಂದ ರೆಸಿಸ್ಟರ್ ಬಳಸುತ್ತಿದ್ದೇನೆ, ವ್ಯಾಟ್ ನೋಡಿದ್ದೇನೆ, ಅದಕ್ಕೆ ವೋಲ್ಟೇಜಿನ ಮಿತಿಯೂ ಇರುತ್ತದೆ ಎಂದು ನೋಡಿರಲಿಲ್ಲ. ಸಾಮಾನ್ಯ ಕಾಲು ವ್ಯಾಟಿನ ರೆಸಿಸ್ಟರಿಗೆ 250 ವೋಲ್ಟ್, ಅರ್ಧ ವ್ಯಾಟಿಗೆ 350. ನಾನು ಅರ್ಧ ವ್ಯಾಟಿನ ಒಂದೇ ರೆಸಿಸ್ಟರಿನ ಮೇಲೆ 415 ಹಾಕಿದ್ದೆ. ಬಿಸಿಯೂ ಮಿತಿ ದಾಟಿತ್ತು: 415ರ ವರ್ಗವನ್ನು 330 ಕಿಲೋ ಓಮಿನಿಂದ ಭಾಗಿಸಿದರೆ 0.52 ವ್ಯಾಟ್. ಬದಲಿಗೆ 100 ಕಿಲೋ ಓಮಿನ ನಾಲ್ಕು ರೆಸಿಸ್ಟರ್ ಸಾಲಾಗಿ ಹಾಕಿದರೆ ಒಂದೊಂದರ ಮೇಲೆ ಸುಮಾರು 104 ವೋಲ್ಟ್, 0.11 ವ್ಯಾಟ್. ಬೆಲೆ ವ್ಯತ್ಯಾಸ ಒಂದೆರಡು ರೂಪಾಯಿ. ಮೈನ್ಸ್ ಕಡೆ ಬೋರ್ಡ್ ಮಾಡುವ ಪ್ರತಿಯೊಬ್ಬರೂ ಇದೊಂದನ್ನು ನೆನಪಿಟ್ಟುಕೊಳ್ಳಬೇಕು ಅಂತ ನನಗೆ ಅನಿಸುತ್ತದೆ.

ರಿಲೇಯದೂ ಅದೇ ಕಥೆ. ಸಕ್ಕರೆ ಅಚ್ಚಿನಂಥ ನೀಲಿ ರಿಲೇ, ಮೇಲೆ 10 ಆಂಪಿಯರ್ 250 ವೋಲ್ಟ್ ಎಂದು ಬರೆದಿದೆ. ಆಂಪಿಯರ್ ನೋಡಿ ಸಾಕಷ್ಟಿದೆ ಅಂದುಕೊಂಡಿದ್ದೆ. ಆದರೆ ನಮ್ಮ ಸ್ಟಾರ್ಟರಿನ ಕಾಯಿಲ್ ಎರಡು ಫೇಸಿನ ಮಧ್ಯೆ, 415ಕ್ಕೆ. ತೋಟದಲ್ಲಿ ನಂಬುವಂಥ ನ್ಯೂಟ್ರಲ್ ಇಲ್ಲ, ಹಾಗಾಗಿ 230 ವೋಲ್ಟ್ ಕಾಯಿಲ್ ಹಾಕುವ ಹಾಗೂ ಇಲ್ಲ. ಹುಡುಕಿ, ಗರಿಷ್ಠ 440 ವೋಲ್ಟ್ ಎಸಿ ಎಂದು ಡೇಟಾಶೀಟಿನಲ್ಲಿ ಬರೆದ ರಿಲೇ ತರಿಸಿದೆ.

ಮಧ್ಯೆ ಒಂದು ಮಧ್ಯಾಹ್ನ ಪಿ.ಬಿ. ರಸ್ತೆ ಕಡೆಯ ವೈಂಡಿಂಗ್ ಅಂಗಡಿಗೆ ಹೋದೆ. ಬೋರ್ಡಿಗೆ 415ರಿಂದ 12 ವೋಲ್ಟ್ ಕೊಡುವ ಸಣ್ಣ ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟಿದ್ದು ಅಲ್ಲಿನ ಅಣ್ಣನೇ. ಫೇಸ್ ಹೋದದ್ದನ್ನು ಹೇಗೆ ಹಿಡಿಯುತ್ತೀಯ ಎಂದು ಕೇಳಿದರು. ವೋಲ್ಟೇಜ್ ನೋಡುತ್ತೇನೆ ಎಂದೆ. ಅವರು ಮಾತಾಡಲಿಲ್ಲ. ಟೆಸ್ಟಿಗೆ ಇಟ್ಟಿದ್ದ 3 ಎಚ್‌ಪಿ ಮೋಟರ್ ಸ್ಟಾರ್ಟ್ ಮಾಡಿ, ಓಡುತ್ತಿರುವಾಗಲೇ ಒಂದು ಫ್ಯೂಸ್ ಎಳೆದರು. ಮೋಟರ್ ನಿಲ್ಲಲಿಲ್ಲ, ಸದ್ದು ಮಾತ್ರ ಬದಲಾಯಿತು. "ಈಗ ಆ ಫೇಸಿಗೆ ಮೀಟರ್ ಹಿಡೀರಿ."

380 ವೋಲ್ಟ್.

ಫ್ಯೂಸ್ ಕೈಯಲ್ಲಿದೆ, ಆದರೂ ಲೈನಿನಲ್ಲಿ 380. ಓಡುವ ಮೋಟರ್ ತಾನೇ ಜನರೇಟರಿನ ಹಾಗೆ ಆ ಫೇಸಿಗೆ ವೋಲ್ಟೇಜ್ ಕೊಡುತ್ತಿತ್ತು. ನನ್ನ ಮೂರು ಆಪ್ಟೋಕಪ್ಲರ್ "ಎಲ್ಲ ಸರಿ ಇದೆ" ಎನ್ನುತ್ತಾ ಕೂರುತ್ತಿದ್ದವು, ಮೋಟರ್ ಸುಡುತ್ತಿತ್ತು. ವೋಲ್ಟೇಜ್ ನೋಡುವುದು ಸ್ಟಾರ್ಟ್ ಮಾಡುವ ಮೊದಲು ಉಪಯೋಗಕ್ಕೆ ಬರುತ್ತದೆ. ಓಡುವಾಗ ನಂಬಬೇಕಾದದ್ದು ಕರೆಂಟನ್ನು. ಕಡಿದ ಫೇಸಿನಲ್ಲಿ ಕರೆಂಟ್ ಸೊನ್ನೆ, ಉಳಿದ ಎರಡರಲ್ಲಿ ಏರುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಇದನ್ನು ಹಿಡಿಯಬೇಕು, ಆದರೆ ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಅದರ ಡಯಲನ್ನು ಪೂರ್ತಿ ತಿರುಗಿಸಿ ಇಟ್ಟಿರುವವರೇ ಜಾಸ್ತಿ. ಒಂದು ಸಿಟಿ ಇದ್ದ ಕಡೆ ಮೂರು ಹಾಕಲು ಅವತ್ತೇ ತೀರ್ಮಾನ ಮಾಡಿದೆ. ಈ ಬೋರ್ಡ್ ಅವರ ಅಂಗಡಿಯ ಆ ಐದು ನಿಮಿಷಕ್ಕೆ ಋಣಿ.

ಇನ್ನು ರೀಸೆಟ್. ಕಾಂಟ್ಯಾಕ್ಟರ್ (ಸ್ಟಾರ್ಟರಿನೊಳಗೆ ಮೋಟರಿಗೆ ಕರೆಂಟ್ ಕೊಡುವ ಸ್ವಿಚ್) ಬಿಡುವ ಪ್ರತಿ ಸಲ ಅದರ ಕಾಯಿಲ್ ಒಂದು ದೊಡ್ಡ ಏಟು ಕೊಡುತ್ತದೆ. ರಿಲೇಯ ತುದಿಯಲ್ಲಿ ಕಿಡಿ, ಆ ಕಿಡಿಯ ವಿದ್ಯುತ್ ಗದ್ದಲ ಬೋರ್ಡಿನ ತುಂಬ. ನಾನು ರೀಸೆಟ್ ಪಿನ್ನಿಗೆ 60 ಮಿ.ಮೀ. ಉದ್ದದ ಟ್ರ್ಯಾಕ್ ಎಳೆದಿದ್ದೆ, ಅದೂ ರಿಲೇ ಪಕ್ಕದಿಂದಲೇ. ರಿಲೇಯ ಗ್ರೌಂಡ್ ಕರೆಂಟ್ ವಾಪಸ್ ಹೋಗುವ ದಾರಿಯೂ ಮೈಕ್ರೋಕಂಟ್ರೋಲರಿನ ಗ್ರೌಂಡೂ ಒಂದೇ ತೆಳು ಗೆರೆ. ಗದ್ದಲ ಹೀರಲು 100 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಹಾಕಿದ್ದೆ ನಿಜ, ಚಿಪ್ಪಿನಿಂದ 22 ಮಿ.ಮೀ. ದೂರದಲ್ಲಿ. "ಹಾಳೆಯ ಮೇಲೆ ಇದು ಚಿಪ್ಪಿನ ಪಕ್ಕಕ್ಕೇ ಐತೆ ನೋಡು. ಬೋರ್ಡಿನಲ್ಲಿ ಬೇರೆ ಓಣಿಗೇ ಹೋಗೈತೆ" ಎಂದರು ಮಾವ. ನನ್ನ ತಪ್ಪುಗಳಲ್ಲಿ ಹೆಚ್ಚಿನವು ಇಂಥವೇ. ಗೆರೆ ಎಳೆದ ಸರ್ಕ್ಯೂಟಿನಲ್ಲಿ ದೂರ, ಅಗಲ, ವಾಪಸ್ ಬರುವ ದಾರಿ ಯಾವುದೂ ಕಾಣುವುದಿಲ್ಲ. ತಾಮ್ರದಲ್ಲಿ ಅವೆಲ್ಲ ಇರುತ್ತವೆ, ಅವೂ ಸರ್ಕ್ಯೂಟೇ.

ಕಾಯಿಲಿನ ಏಟು ಹೀರಲು ಸ್ನಬ್ಬರ್ ಬೇಕು, ಅಂದರೆ ಸಾಲಾಗಿ ಜೋಡಿಸಿದ ರೆಸಿಸ್ಟರ್ ಮತ್ತು ಕೆಪ್ಯಾಸಿಟರ್: 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್. ನಾನು ಅದನ್ನು ರಿಲೇಯ ಕಾಂಟ್ಯಾಕ್ಟಿನ ಮೇಲೆ ಹಾಕಲು ಹೊರಟಿದ್ದೆ. ಹಾಗೆ ಹಾಕಿದರೆ ರಿಲೇ ಬಿಟ್ಟ ಮೇಲೂ ಕೆಪ್ಯಾಸಿಟರಿನ ಮೂಲಕ ಸುಮಾರು 13 ಮಿಲಿಆಂಪಿಯರ್ ಹೋಗುತ್ತಲೇ ಇರುತ್ತದೆ, ಸಣ್ಣ ಕಾಂಟ್ಯಾಕ್ಟರ್ ಪೂರ್ತಿ ಬಿಡದೆ ಗುಂಯ್ ಅನ್ನಬಹುದು. ಕಾಯಿಲಿನ ಎರಡು ಟರ್ಮಿನಲ್ಲಿಗೇ ನೇರ ಹಾಕಬೇಕು. ಕೆಪ್ಯಾಸಿಟರ್ ಕೂಡ ಮೈನ್ಸ್‌ಗೆ ಹಾಕುವ ಮಾಮೂಲಿ ಎಕ್ಸ್2 ದರ್ಜೆಯದು ಸಾಲದು, ಅದು 275 ಅಥವಾ 310 ವೋಲ್ಟಿನದು. 440 ವೋಲ್ಟ್ ಎಸಿಯ ಎಕ್ಸ್1 ತರಿಸಿದೆ.

ಹೊಸ ಬೋರ್ಡ್ ಕಿಕ್ಯಾಡ್ ಎಂಬ ಬೋರ್ಡ್ ಬಿಡಿಸುವ ಸಾಫ್ಟ್‌ವೇರಿನಲ್ಲಿ ಶುರುವಾಯಿತು. ಈ ಸಲ ಟ್ರ್ಯಾಕ್ ಎಳೆಯುವ ಮೊದಲು ಬೋರ್ಡನ್ನು ಎರಡು ಹೊಲದ ಹಾಗೆ ಭಾಗ ಮಾಡಿದೆ. ಎಡಕ್ಕೆ 415 ವೋಲ್ಟ್, ಬಲಕ್ಕೆ 5 ವೋಲ್ಟ್, ನಡುವೆ 8 ಮಿ.ಮೀ. ಬದು. ಬದು ದಾಟುವುದು ಟ್ರಾನ್ಸ್‌ಫಾರ್ಮರ್, ರಿಲೇ, ಆಪ್ಟೋಕಪ್ಲರ್ ಮೂರೇ. ಫೇಸ್ ಫೇಸ್ ನಡುವೆ 6 ಮಿ.ಮೀ. ಪಿಸಿ817 ಆಪ್ಟೋಕಪ್ಲರಿನ ಕಾಲುಗಳ ಅಂತರ 7.62 ಮಿ.ಮೀ.; ಬೆಸುಗೆ ಹಾಕುವ ತಾಮ್ರದ 1.6ರ ಪ್ಯಾಡ್ ಕಳೆದರೆ ಉಳಿಯುವುದು ಬರೀ 6. ಅದಕ್ಕೇ ಕಾಲು ಅಗಲಕ್ಕೆ ಬಾಗಿಸಿದ 10.16ರ ಮಾದರಿ ತೆಗೆದುಕೊಂಡೆ. ಅದರ ಕೆಳಗೆ ಬೋರ್ಡಿಗೇ ಒಂದು ಸೀಳು ಕಂಡಿ. ಕಂಡಿಯ ಅಗಲ 2 ಮಿ.ಮೀ. ಇರಲಿ ಎಂದರು ಮಾವ. ಸ್ವಚ್ಛ ಜಾಗಕ್ಕೆ 1 ಮಿ.ಮೀ. ಸಾಕು, ಧೂಳು ತೇವ ಇರುವಲ್ಲಿ 1.5ಕ್ಕಿಂತ ಕಿರಿದಾದ ಕಂಡಿ ಲೆಕ್ಕಕ್ಕೇ ಬರುವುದಿಲ್ಲ. ಬೋರ್ಡಿನ ಮೇಲೆ ಬಳಿಯುವ ಹಸಿರು ಮಾಸ್ಕ್ ಇದೆಯಲ್ಲ, ಅದು ಇನ್ಸುಲೇಶನ್ ಅಲ್ಲವಾ ಎಂದು ಕೇಳಿದೆ. "ಅದು ಬೆಸುಗೆ ಹರಡದ ಹಾಗೆ ತಡೆಯೋಕೆ. ಗೀರು ಬಿದ್ದರೆ ಮುಗೀತು. ಅದನ್ನ ನಂಬಬೇಡ."

ಅವತ್ತು ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಅವರು ಕಾರ್ಖಾನೆಯ ಮಾತು ತೆಗೆದರು. ಅವರು ಸೇರಿದ ಕಾಲಕ್ಕೆ ಮೈಲಾರ್ ಹಾಳೆಯ ಮೇಲೆ ಕಪ್ಪು ಟೇಪ್ ಅಂಟಿಸಿ, ಎರಡು ಪಟ್ಟು ದೊಡ್ಡದಾಗಿ ಬೋರ್ಡ್ ಬಿಡಿಸಿ, ಫೋಟೋ ತೆಗೆದು ಚಿಕ್ಕದು ಮಾಡುತ್ತಿದ್ದರಂತೆ. ಆಮೇಲೆ ಬೋರ್ಡಿನ ಒಂದೊಂದು ಪದರದ ಚಿತ್ರವನ್ನು ಕಾರ್ಖಾನೆಗೆ ಕೊಡುವ ಗರ್ಬರ್ ಫೈಲ್ ಬಂತು. ಫೋಟೋಪ್ಲಾಟರ್ ಮಾಡುತ್ತಿದ್ದ ಕಂಪನಿಯ ಹೆಸರೇ ಆ ಫೈಲಿಗೆ ಉಳಿದಿದೆ. ಎರಡು ಪದರದ ಬೋರ್ಡಿನಲ್ಲಿ ಮೊದಲು ತೂತು ಕೊರೆಯುತ್ತಾರೆ, ಆಮೇಲೆ ತೂತಿನ ಗೋಡೆಗೆ ರಾಸಾಯನಿಕದಿಂದ ತೆಳುವಾಗಿ ತಾಮ್ರ ಹಿಡಿಸಿ, ನಂತರ ಟ್ಯಾಂಕಿನಲ್ಲಿ ಕರೆಂಟ್ ಹರಿಸಿ ಅದನ್ನು ದಪ್ಪ ಮಾಡುತ್ತಾರೆ. ಟ್ರ್ಯಾಕುಗಳು ಒತ್ತಾಗಿ ಇರುವ ಕಡೆ ತಾಮ್ರ ಹಂಚಿಹೋಗುತ್ತದೆ. ಒಂಟಿ ಟ್ರ್ಯಾಕ್ ಮೇಲೆ ಜಾಸ್ತಿ ಕೂರುತ್ತದೆ. ಬಲಗಡೆ ಖಾಲಿ ಜಾಗಕ್ಕೆಲ್ಲ ಗ್ರೌಂಡ್ ತಾಮ್ರ ತುಂಬಿಸು, ಗದ್ದಲವೂ ಕಡಿಮೆ, ಪ್ಲೇಟಿಂಗೂ ಸಮ ಎಂದರು. ಎಡಗಡೆ ಮಾತ್ರ ಒಂದು ಚೂರೂ ತುಂಬಿಸಬಾರದು. ರಿಲೇ ಮತ್ತು ಟರ್ಮಿನಲ್ ಪ್ಯಾಡುಗಳಿಗೆ ತೂತಿನ ಸುತ್ತ ಅರ್ಧ ಮಿಲಿಮೀಟರ್ ತಾಮ್ರದ ಬಳೆ ಬಿಡಿಸಿದರು. ಸ್ಟಾರ್ಟರ್ ಹಾಕುವಾಗಲೆಲ್ಲ ಡಬ್ಬಿ ಅದುರುತ್ತದೆ, ಭಾರದ ಭಾಗಗಳ ಪ್ಯಾಡ್ ಸಣ್ಣದಿದ್ದರೆ ಬೆಸುಗೆಯ ಸುತ್ತ ಬಿರುಕು ಬಿಡುತ್ತದೆ.

ಬೆಂಗಳೂರಿನ ಬೋರ್ಡ್ ಕಾರ್ಖಾನೆಗೆ ಫೈಲ್ ಕಳಿಸಿದೆ: ಎಫ್ಆರ್4 (ಗಾಜಿನ ನಾರು ಮತ್ತು ಎಪಾಕ್ಸಿಯ ಶೀಟ್), 1.6 ಮಿ.ಮೀ., ಎರಡು ಪದರ, 35 ಮೈಕ್ರಾನ್ ತಾಮ್ರ, 10 ಬೋರ್ಡ್. ಮಾರನೇ ದಿನ ಅಲ್ಲಿ ಫೈಲ್ ಪರೀಕ್ಷಿಸುವ ಕ್ಯಾಮ್ ವಿಭಾಗದವರು ಫೋನ್ ಮಾಡಿದರು. "ಸರ್, ಆಪ್ಟೋ ಕೆಳಗೆ ಬಿಳಿ ಗೆರೆ ಇದೆ. ಇದು ಪ್ರಿಂಟಾ, ಕಟಿಂಗಾ?" ನಾನು ಕಂಡಿಯನ್ನು ಕತ್ತರಿಸುವ ಗೆರೆಗಳ ಎಡ್ಜ್ ಕಟ್ಸ್ ಲೇಯರಿನಲ್ಲಿ ಬಿಡಿಸುವ ಬದಲು ಅಕ್ಷರ ಅಚ್ಚು ಹಾಕುವ ಸಿಲ್ಕ್‌ಸ್ಕ್ರೀನ್ ಲೇಯರಿನಲ್ಲಿ ಬಿಡಿಸಿದ್ದೆ. ಅವರು ಕೇಳದೆ ಹಾಗೇ ಮಾಡಿದ್ದರೆ ಕಂಡಿಯ ಜಾಗದಲ್ಲಿ ಮೂರು ಬಿಳಿ ಚೌಕ ಬರುತ್ತಿದ್ದವು. ಈಗ ನಾನು ಗರ್ಬರ್ ತೆಗೆದ ಮೇಲೆ ಬೇರೆ ವ್ಯೂಯರಿನಲ್ಲಿ ಒಂದೊಂದೇ ಲೇಯರ್ ತೆರೆದು ನೋಡದೆ ಕಳಿಸುವುದಿಲ್ಲ.

ಬೋರ್ಡ್ ಬಂದ ಮೇಲೆ ಜೋಡಿಸಿದ್ದು ಒಂದೇ ದಿನದಲ್ಲಿ. 63/37 (ತವರ, ಸೀಸ) ಬೆಸುಗೆ, ಅದು 183 ಡಿಗ್ರಿಗೆ ಕರಗುತ್ತದೆ; ಸೋಲ್ಡರಿಂಗ್ ಐರನ್ 350ಕ್ಕೆ ಇಟ್ಟಿದ್ದೆ. ಸಿಟಿಗಳ 100 ಓಮ್ ರೆಸಿಸ್ಟರನ್ನು ಬೋರ್ಡಿನಲ್ಲಿ ಹಾಕದೆ ಸಿಟಿಯ ಕಾಲಿಗೇ ಬೆಸೆದೆ. ಕನೆಕ್ಟರ್ ಕಳಚಿದರೂ ಸಿಟಿ ಓಪನ್ ಆಗಬಾರದು. ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೆ ಟೂತ್‌ಬ್ರಶ್ಶಿನಲ್ಲಿ ಮೂರು ಸಲ ತೊಳೆದೆ. ಬಿಸಿಲಲ್ಲಿ ಒಣಗಿಸಿ, ಟರ್ಮಿನಲ್ ಮತ್ತು ರಿಲೇಗೆ ಟೇಪ್ ಸುತ್ತಿ, ಅಕ್ರಿಲಿಕ್ ಕೋಟಿಂಗ್ ಎರಡು ಸಲ ಹೊಡೆದೆ. ತೊಳೆಯದೆ ಕೋಟಿಂಗ್ ಹೊಡೆದರೆ ಕೊಳೆಯನ್ನು ಒಳಗೇ ಇಟ್ಟು ಮುಚ್ಚಿದ ಹಾಗೆ.

ಮೊದಲ ಸಲ ಕರೆಂಟ್ ಕೊಟ್ಟಿದ್ದು ಸೀರೀಸ್ ಬಲ್ಬಿನಲ್ಲಿ; ಬೋರ್ಡಿನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಹತ್ತುತ್ತದೆ. 415ಕ್ಕೆ ಒಂದು ಬಲ್ಬ್ ಸಾಲದು, 100 ವ್ಯಾಟಿನ ಎರಡು ಸಾಲಾಗಿ. ಬಲ್ಬ್ ಹತ್ತಲಿಲ್ಲ, ಬೋರ್ಡಿನ ಎಲ್‌ಇಡಿ ಹತ್ತಿತು. ಇನ್ಸುಲೇಶನ್ ಅಳೆಯುವ ಮೆಗ್ಗರ್ 500 ವೋಲ್ಟಿನಲ್ಲಿ ಹಳೆ ಬೋರ್ಡಿನ ಸುಡದೇ ಉಳಿದ ಭಾಗದಲ್ಲಿ ಫೇಸ್ ಫೇಸ್ ನಡುವೆ 3 ಮೆಗಾ ಓಮ್ ತೋರಿಸಿತ್ತು. ಹೊಸದರಲ್ಲಿ ಮುಳ್ಳು 200 ದಾಟಿ ನಿಂತಿತು. ವೈಂಡಿಂಗ್ ಅಂಗಡಿಗೆ ಒಯ್ದು ಅದೇ ಮೋಟರ್, ಅದೇ ಫ್ಯೂಸ್ ಎಳೆಯಿರಿ ಎಂದೆ. ಮೂರು ಕರೆಂಟುಗಳ ನಡುವೆ 30 ಶೇಕಡಕ್ಕಿಂತ ಹೆಚ್ಚು ವ್ಯತ್ಯಾಸ 3 ಸೆಕೆಂಡ್ ಇದ್ದರೆ ಕಟ್ ಆಗಬೇಕು ಅಂತ ಇಟ್ಟಿದ್ದೆ. ಅಣ್ಣ ಎಳೆದರು, ಎಣಿಸಿದೆವು, ಮೂರಕ್ಕೆ ಕಟಕ್ ಅಂತ ಬಿಟ್ಟಿತು. ಏಳು ಸಲ ಎಳೆಸಿದೆ. ಅವರಿಗೂ ಖುಷಿಯಾಯಿತು.

ತೋಟದಲ್ಲಿ ಹಾಕಿದ್ದು ಪುನರ್ವಸು ಮಳೆಯಲ್ಲಿ. ಡಬ್ಬಿಯ ವೈರ್ ತೂತುಗಳಿಗೆಲ್ಲ ಗ್ಲ್ಯಾಂಡ್ ಹಾಕಿ ಇರುವೆ ದಾರಿ ಮುಚ್ಚಿದೆ. ತೇವದ ಪರೀಕ್ಷೆಗೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ. ಒಂದು ತಿಂಗಳಾದ ಮೇಲೆ ಹೋಗಿ ನೋಡಿದೆ. ರೀಸೆಟ್ ಎಣಿಕೆಯಲ್ಲಿ ಇದ್ದದ್ದು ಕರೆಂಟ್ ಹೋಗಿ ಬಂದ ಲೆಕ್ಕ ಮಾತ್ರ, ಕಾಂಟ್ಯಾಕ್ಟರ್ ಬಿಟ್ಟಾಗ ಆದದ್ದು ಒಂದೂ ಇಲ್ಲ. ಫೇಸ್ ಹೋಗಿದೆ ಎಂದು ಬೋರ್ಡ್ ನಾಲ್ಕು ಸಲ ಮೋಟರ್ ನಿಲ್ಲಿಸಿದೆ. ಅದರಲ್ಲಿ ಒಂದು ರಾತ್ರಿ ದೊಡ್ಡಪ್ಪ ಎದ್ದು ನೋಡಿದ್ದರಂತೆ, ಪಕ್ಕದ ತೋಟದ ಮೋಟರ್ ಗುಯ್ಗುಡುತ್ತಿತ್ತಂತೆ, ನಮ್ಮದು ನಿಂತಿತ್ತಂತೆ. ಓಡಿಹೋಗಿ ಅವರನ್ನೂ ಎಬ್ಬಿಸಿ ಬಂದ್ ಮಾಡಿಸಿದ್ದಾರೆ.

ನೀರು ನಿಂತಾಗ ಕಟ್ ಆಗುವುದನ್ನು ಈಗ ನೋಡಲು ಆಗಲಿಲ್ಲ, ಬೋರು ತುಂಬಿದೆ. 6.5 ಆಂಪಿಯರಿಗೆ ಇಟ್ಟಿದ್ದ ಮಿತಿಯನ್ನು ಸ್ವಲ್ಪ ಹೊತ್ತು 9ಕ್ಕೆ ಏರಿಸಿ, 8 ಸೆಕೆಂಡಿಗೆ ಬಿಡುತ್ತದೆ, 40 ನಿಮಿಷಕ್ಕೆ ಮತ್ತೆ ಹಿಡಿಯುತ್ತದೆ ಎಂದು ಖಚಿತ ಮಾಡಿಕೊಂಡು ವಾಪಸ್ 6.5ಕ್ಕೆ ಇಳಿಸಿದೆ. ನಿಜವಾದ ಪರೀಕ್ಷೆ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಮೂರನೇ ಆವೃತ್ತಿಗೆ ಒಂದು ತಿದ್ದುಪಡಿ ಬರೆದಿಟ್ಟಿದ್ದೇನೆ: ಎಡಗಡೆಯ ಕೆಳಗಿನ ಸ್ಕ್ರೂ ತೂತು ಬಿ ಫೇಸಿನ ಟ್ರ್ಯಾಕಿಗೆ 4 ಮಿ.ಮೀ. ಹತ್ತಿರ ಇದೆ. ಈಗ ನೈಲಾನ್ ಸ್ಕ್ರೂ ಹಾಕಿದ್ದೇನೆ. ತೂತನ್ನೇ ಸರಿಸಬೇಕು.